ಅಗ್ರಹಾರದ ಬಚ್ಚಲಲ್ಲಿ ಒಂದು ಬೆಸುಗೆ

ನಲ್ಲಿ ರಿಪೇರಿಗೆ ಹೋದವನು ನೀರಿಗಿಂತ ಮೊದಲು ಮನೆಯವರನ್ನು ಸುಧಾರಿಸಬೇಕು. ನನ್ನ ಕಸುಬಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರಿನ ಅಗ್ರಹಾರದ ಒಂದು ಮನೆಯಲ್ಲಂತೂ ಎಲ್ಲ ಒಂದೇ ಬೆಳಿಗ್ಗೆ ನಡೆದುಹೋಯಿತು.

ಮನೆಯಲ್ಲಿ ತವರಿಗೆ ಬಂದಿದ್ದ ಹಸಿ ಬಾಣಂತಿ, ಅವಳ ಕೂಸು, ಆರೈಕೆಗೆ ಅವಳ ಅಜ್ಜಿ. ಬಚ್ಚಲ ಹಂಡೆಗೆ ನೀರು ತರುವ ತಾಮ್ರದ ಪೈಪು ಬೆಸುಗೆಯ ಹತ್ತಿರ ಸೋರಿ, ತೊಟ್ಟು ತೊಟ್ಟಾಗಿ ಒಲೆಯೊಳಗೇ ಬೀಳುತ್ತಿತ್ತು. ಬೆಂಕಿ ಹೊತ್ತಿಸಿದರೆ ಚುಯ್ ಎಂದು ಆರುತ್ತಿತ್ತು. ತಾಯಿಗೂ ಮಗುವಿಗೂ ಬಿಸಿನೀರಿಲ್ಲ.

೧. ಕಲೆ

ಪೈಪು ಫಳಫಳ ಹೊಳೆಯುತ್ತಿತ್ತು. ಬೆಸುಗೆಯ ಸೀಸ ಮಾತ್ರ ಸವೆದುಹೋಗಿತ್ತು.

“ಅಜ್ಜಮ್ಮಾ, ಇಲ್ಲಿ ಬೆಳ್ಳಗೆ ಒಂದು ಪಟ್ಟಿ ಇರ್ಬೇಕಿತ್ತಲ್ಲ?” ಅಂದೆ.

“ಇತ್ತಪ್ಪ, ಹಾಳು ಕಲೆ! ಪ್ರತಿ ಶುಕ್ರವಾರ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿ ಉಜ್ಜಿ, ಅಂತೂ ತೆಗೆದೆ,” ಎಂದರು ಹೆಮ್ಮೆಯಿಂದ.

೨. ಮಡಿ

ಪೈಪು ಒಣಗದೆ ಬೆಸುಗೆ ಹಿಡಿಯುವುದಿಲ್ಲ. ನಾನು ಒರೆಸುತ್ತಿದ್ದೆ. ನಾನು ಮುಟ್ಟಿದ್ದಕ್ಕೆಲ್ಲ ಮಡಿಯಲ್ಲಿದ್ದ ಅಜ್ಜಿ ಹಿಂದೆಯೇ ನೀರು ಚಿಮುಕಿಸುತ್ತಿದ್ದರು. ಮತ್ತೆ ಒರೆಸಿದೆ, ಮತ್ತೆ ಚಿಮುಕಿಸಿದರು.

ಕೈಮುಗಿದು, “ಆ ನೀರೆಲ್ಲ ನನ್ ತಲೆ ಮೇಲೇ ಸುರಿದ್ಬುಡಿ ಅಜ್ಜಮ್ಮ, ಪೈಪ್ ಒಂದನ್ನ ಬಿಟ್ಬುಡಿ,” ಅಂದೆ.

ತಮಾಷೆಗೆ ಅಂದದ್ದು. ಅಜ್ಜಿ ಸುರಿದೇಬಿಟ್ಟರು.

೩. ಇಡ್ಲಿ

ನೀರು ನಿಲ್ಲಿಸಲು ಬೀದಿಯ ಕೊಳಾಯಿಯ ತಿರುಪು ಎಷ್ಟು ಬಿಗಿದರೂ ಪೈಪಿನಲ್ಲಿ ಸಣ್ಣಗೆ ನೀರು ಬರುತ್ತಲೇ ಇತ್ತು. ಇಂಥ ಕಡೆ ನಾವು ಪೈಪು ಬಿಚ್ಚಿ ಒಳಗೆ ಬ್ರೆಡ್ ತುರುಕಿ, ನೀರು ತಡೆದು, ಬೇಗ ಬೆಸೆಯುತ್ತೇವೆ. ಆಮೇಲೆ ನೀರು ಬಿಟ್ಟರೆ ಬ್ರೆಡ್ ಕರಗಿ ಹೋಗುತ್ತದೆ.

“ಒಂದು ಚೂರು ಬ್ರೆಡ್ ಸಿಕ್ಕುತ್ತಾ?” ಅಂದೆ.

“ಬೇಕರಿ ಪದಾರ್ಥ ಈ ಹೊಸ್ತಿಲು ದಾಟಿಲ್ಲ!” ಎಂದರು ಅಜ್ಜಿ.

ಒಳಗೆ ಕೂಸು ಕಿಟಾರನೆ ಅಳುತ್ತಿತ್ತು. ಅಜ್ಜಿ ಸ್ವಲ್ಪ ಯೋಚಿಸಿ, “ಇಡ್ಲಿ ಆಗುತ್ತೇನಪ್ಪ?” ಎಂದರು.

ಆಯಿತು! ಇಡ್ಲಿ ನೀರು ತಡೆಯಿತು, ಬೆಸುಗೆ ಹಿಡಿಯಿತು, ತಿರುಪು ಬಿಟ್ಟೊಡನೆ ಹಂಡೆಗೆ ನೀರು ಬಂತು, ಒಲೆ ಹೊತ್ತಿಕೊಂಡಿತು. ಆ ಉಪಾಯ ಅವರಿಗೆ ಹೊಳೆಯದಿದ್ದರೆ ನಾನು ಸೋತು ಚೀಲ ಎತ್ತಿಕೊಂಡು ಹೊರಡುತ್ತಿದ್ದೆ. ಆ ಪುಣ್ಯಾತ್ಗಿತ್ತಿಯನ್ನು ಇವತ್ತಿಗೂ ನೆನೆಯುತ್ತೇನೆ.

ಅಷ್ಟರಲ್ಲಿ ಬಾಣಂತಿ ಬಂದು ಹಂಡೆಗೆ ಇಣುಕಿ ಕೂಗಿದಳು: “ಅಜ್ಜೀ, ನೀರಲ್ಲಿ ಇಡ್ಲಿ ಚೂರು ತೇಲ್ತಿದೆ!”

ಅಜ್ಜಿಯ ಮುಖ ಅರಳಿತು. “ನೋಡಿದ್ಯಾ, ನನ್ನ ಇಡ್ಲಿ ಎಷ್ಟು ಹಗುರ! ನಿಮ್ಮತ್ತೆ ಮಾಡಿದ್ದಾಗಿದ್ರೆ ಸೀದಾ ತಳಕ್ಕೆ ಹೋಗ್ತಿತ್ತು ಕಣೇ.”