ಪಾಯಿಂಟ್ ಎಂಬತ್ತೈದರ ಪಂದ್ಯ

ಹೆಂಡತಿಗೆ ಹೆದರದ ಗಂಡಸರು ಲೋಕದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. ಹೆಂಡತಿಯ ಹೆದರಿಕೆಗೆ ಹೆದರದ ಗಂಡಸು ಮಾತ್ರ ಇನ್ನೂ ಹುಟ್ಟಿಲ್ಲ. ಅಡಿಸ್ ಅಬಾಬಾದ ಎಂಗಿಡಾ ಕೂಡ ಅದಕ್ಕೆ ಹೊರತಲ್ಲ. ಆದರೆ ಆ ನೆಹಾಸೆ ತಿಂಗಳ ಮಳೆಯಲ್ಲಿ ಅವರಿಗೊಂದು ಘನವಾದ ಯೋಚನೆ ಹೊಳೆಯಿತು. ಹೆದರುವುದೇಕೆ? ಹೆದರಿಕೆಯನ್ನೇ ಹುಟ್ಟಡಗಿಸಿಬಿಟ್ಟರಾಯಿತಲ್ಲ!

ಎಂಗಿಡಾ ವಿಮಾನದಲ್ಲಿ ಪೈಲಟ್‌ಗಳ ಬೆನ್ನ ಹಿಂದೆ ಕೂತು ಎಂಜಿನ್‌ಗಳ ನಾಡಿ ನೋಡುತ್ತಿದ್ದ ಎಂಜಿನಿಯರ್. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಮಗಳು ಮಾಹ್ಲೆತ್ ಬ್ರಸೆಲ್ಸ್‌ನಲ್ಲಿ ನರ್ಸ್. ಮಗಳು ಎಲ್ಲಿಗೇ ಆಗಲಿ ವಿಮಾನ ಹತ್ತಿದಳೆಂದು ಗೊತ್ತಾದರೆ ಸಾಕು, ಹೆಂಡತಿ ಆಸ್ಕಾಲೆ ಮರಿಯಮ್ಮನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿ ಕೂತುಬಿಡುತ್ತಿದ್ದರು. "ಇಳಿದೆ ಎಮಾಯೆ" ಎಂದು ಮಗಳ ಫೋನು ಬರುವವರೆಗೆ ಅಮ್ಮನ ಗಂಟಲಲ್ಲಿ ಹನಿ ನೀರು ಇಳಿಯುತ್ತಿರಲಿಲ್ಲ.

"ಜೀವಮಾನವೆಲ್ಲ ವಿಮಾನದಲ್ಲೇ ಸಂಸಾರ ಮಾಡಿದವನ ಹೆಂಡತಿ ನೀನು! ನಾಚಿಕೆ ಆಗಲ್ವಾ?" ಎಂದು ಎಂಗಿಡಾ ಒಮ್ಮೆ ರೇಗಿದ್ದರು.

"ಆಗ ಮಾತ್ರ ನಾನು ಹೊಟ್ಟೆತುಂಬ ಉಂಡಿದ್ದೆ ಅಂತ ಯಾರು ಹೇಳಿದ್ದು ನಿಮಗೆ?" ಎಂದಿದ್ದರು ಆಸ್ಕಾಲೆ.

ಈಗ ಮಾಹ್ಲೆತ್ ನಾಲ್ಕು ವರ್ಷದ ಮೇಲೆ ರಜೆಗೆ ಬರುವವಳಿದ್ದಳು. ಎಂಗಿಡಾ ಆಸ್ಕಾಲೆಗೆ ಉಸಿರೇ ಬಿಡಬಾರದೆಂದು ಶಪಥ ಮಾಡಿದರು. ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಮಗಳು! ಉಪವಾಸವಿಲ್ಲ, ಮೇಣದ ಬತ್ತಿಯಿಲ್ಲ, ಕಣ್ಣೀರಿಲ್ಲ. ಹೆಂಡತಿಯ ಮೇಲೆ ಅವರಿಗೆ ನಿಜವಾಗಿ ಪ್ರೀತಿಯಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಯ ಪಕ್ಕದಲ್ಲೇ ಒಂದು ಬಾಯಿಯೂ ಇತ್ತು, ಅದು ಸುಮ್ಮನಿರಬೇಕಲ್ಲ.

ಎದುರುಮನೆಯ ಮೆಂಕಿರ್ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಬದುಕೆಲ್ಲ ಏಳು-ಆರು-ಏಳು ಎಂಬ ವಿಮಾನದ ಹೊಟ್ಟೆಯೊಳಗೇ ಕಳೆದವರು. ಕಾಫಿಗೆ ಕೂತಾಗಲೆಲ್ಲ ಇಬ್ಬರಿಗೂ ಒಂದೇ ಜಗಳ, ಯಾವ ವಿಮಾನ ವೇಗ? ಮೊದಲ ಸುತ್ತಿನ ಕಾಫಿಗೆ ಶುರುವಾದದ್ದು ಮೂರನೆಯ ಸುತ್ತಿಗೂ ಮುಗಿಯುತ್ತಿರಲಿಲ್ಲ. ಓಣಿಯ ಹೆಂಗಸರು ಕಾಫಿಯ ಜೊತೆ ಹಾಕುವ ಸಾಂಬ್ರಾಣಿಯ ಹೊಗೆಗಿಂತ ಇವರ ಮಾತಿಗೇ ಹೆಚ್ಚು ಕಣ್ಣೀರು ಹಾಕುತ್ತಿದ್ದರು.

"ಶಬ್ದದ ವೇಗ ಒಂದು ಅಂತ ಇಟ್ಕೋ," ಎಂದರು ಎಂಗಿಡಾ. "ನಿನ್ನ ಏಳು-ಆರು-ಏಳು ಓಡೋದು ಪಾಯಿಂಟ್ ಎಂಬತ್ತು. ನನ್ನ ಮಗಳು ಬರೋ ಏಳು-ಎಂಟು-ಏಳು ಪಾಯಿಂಟ್ ಎಂಬತ್ತೈದು!"

"ಐದು ಸಾಂಟಿಮ್ ಚಿಲ್ಲರೆ ಜಾಸ್ತಿ ಆಗಿದ್ದಕ್ಕೆ ಇಷ್ಟು ಎಗರಾಡ್ತೀಯಲ್ಲೋ!"

"ಬ್ರಸೆಲ್ಸಿಂದ ಇಲ್ಲಿಗೆ ಬರೋಷ್ಟರಲ್ಲಿ ಆ ಐದೇ ಅರ್ಧ ಗಂಟೆಯ ಹತ್ತಿರ ಆಗತ್ತೆ. ಪುಸ್ತಕದಲ್ಲಿದೆ, ನೋಡು!"

"ಗಾಳಿ ನಿನ್ನ ಪುಸ್ತಕ ಓದಿಲ್ಲ," ಎಂದು ಮೆಂಕಿರ್ ಲೋಟ ಕೆಳಗಿಟ್ಟರು. "ಅದೇ ಊರಿಂದ ಅದೇ ಹೊತ್ತಿಗೆ ನಮ್ಮ ಹಳೇ ಏಳು-ಆರು-ಏಳು ಸರಕಿನ ವಿಮಾನಾನೂ ಹೊರಡತ್ತೆ. ಯಾವುದು ಮೊದಲು ಬರತ್ತೋ ನೋಡೇ ಬಿಡೋಣ. ಸೋತವನು ಸಾಯೋವರೆಗೂ ಕಾಫಿ ಮುಂದೆ ವಿಮಾನದ ಮಾತೆತ್ತಬಾರದು!"

ಪಂದ್ಯಕ್ಕೆ ಸಾಕ್ಷಿ ಬೇಕಲ್ಲ! ಓಣಿಯ ಇನ್ನೂ ಇಬ್ಬರು ಹಿರಿಯರಿಗೆ ಗುಟ್ಟು ತಿಳಿಯಿತು. ಅವರು ಹೆಂಡತಿಯರಿಗೆ ಹೇಳಿದರು, "ಆಸ್ಕಾಲೆಗೆ ಗೊತ್ತಾಗಬಾರದು" ಎಂಬ ಆಣೆಯ ಸಮೇತ. ಓಣಿಯಲ್ಲಿ ಗುಟ್ಟು ತಿಳಿಯದೆ ಉಳಿದವರು ಆಸ್ಕಾಲೆ ಮತ್ತು ಚರ್ಚಿನ ಮುಂದಿನ ಕತ್ತೆ.

ಆ ವಾರ ಓಣಿಯೇ ಬೇರೆಯಾಯಿತು. ಆಸ್ಕಾಲೆ ಈರುಳ್ಳಿ ಕೊಳ್ಳಲು ಹೋದರೆ ಅಂಗಡಿಯ ಮುಂದಿನ ಹರಟೆ ಗಕ್ಕನೆ ನಿಲ್ಲುತ್ತಿತ್ತು. ಮೂಲೆಮನೆಯ ಮುದುಕಿ ಬಿರ್ಕೆ ಅವರ ಕೆನ್ನೆ ಸವರಿ, "ಸರಿಯಾಗಿ ಉಣ್ತಿದ್ದೀಯಲ್ಲ ಮಗಳೇ? ಮೈಯಲ್ಲಿ ಶಕ್ತಿ ಇಟ್ಕೋ, ಬೇಕಾಗತ್ತೆ," ಎಂದು ಕಣ್ಣೊರೆಸಿಕೊಂಡು ಹೋದಳು. ಮನೆಗೆ ಬಂದರೆ ಗಂಡ ಮಗಳ ಕೋಣೆ ಗುಡಿಸಿ, ಮಂಚಕ್ಕೆ ಬಿಳಿ ಹೊದಿಕೆ ಹಾಸಿ, ಮಗಳ ಫೋಟೋ ಹಿಡಿದು ನಿಂತಿದ್ದಾರೆ!

"ಏನ್ರೀ ಇದು?"

"ಏನಿಲ್ಲ. ಧೂಳು."

"ಅವಳು ಚೆನ್ನಾಗಿದ್ದಾಳೆ ತಾನೆ?"

"ಯಾರು? ಓ, ಅವಳಾ! ಅವಳಿಗೇನು, ಇನ್ನು ಮೇಲೆ ಅವಳಿಗೆ ಯಾವ ಕಷ್ಟಾನೂ ಇಲ್ಲ," ಎಂದು ಎಂಗಿಡಾ ಮಾತು ತೇಲಿಸಿದರು. ಮಗಳಿಗೆ ಕೆಲಸದಿಂದ ಒಂದು ತಿಂಗಳು ಬಿಡುವು ಸಿಕ್ಕಿತ್ತು, ಅವರ ಮನಸ್ಸಿನಲ್ಲಿದ್ದದ್ದು ಅಷ್ಟೇ.

ಹೆಂಡತಿಯ ಮುಖ ದಿನದಿನಕ್ಕೆ ಬಿಳುಪೇರುವುದನ್ನು ಅವರು ನೋಡದೆ ಇರಲಿಲ್ಲ. ಮರಿಯಮ್ಮನ ಉಪವಾಸದ ದಿನಗಳು, ಬರೀ ಬೇಳೆ ತಿಂದರೆ ಹಾಗೇ ಎಂದುಕೊಂಡರು. ವಿಮಾನದ ನಾಲ್ಕು ಎಂಜಿನ್ ಒಟ್ಟಿಗೆ ಕೆಮ್ಮಿದರೂ ಯಾವುದರ ಕಾಯಿಲೆ ಏನೆಂದು ಹೇಳಬಲ್ಲ ಮನುಷ್ಯನಿಗೆ, ಪಕ್ಕದಲ್ಲೇ ಮಲಗಿದ ಹೆಂಡತಿಯ ಎದೆ ಹೊಡೆದುಕೊಳ್ಳುತ್ತಿದ್ದದ್ದು ಕೇಳಿಸಲಿಲ್ಲ.

ಪಂದ್ಯದ ದಿನ ಬೆಳಗಿನ ಜಾವ ಓಣಿಯ ಮೇಲೆ ಮಂಜು ಇಳಿದು ಕೂತಿತ್ತು. ತಮ್ಮ ಕೈ ತಮಗೇ ಕಾಣದು. ನಾಲ್ವರು ಹಿರಿಯರು ದಪ್ಪ ಬಿಳಿಯ ಗಾಬಿ ಹೊದ್ದು, ಒಬ್ಬೊಬ್ಬರಾಗಿ ಎಂಗಿಡಾರ ಗೇಟಿನ ಮುಂದೆ ಸೇರಿದರು. ವಿಮಾನಗಳು ಇಳಿಯುವ ದಾರಿ ಆ ಗೇಟಿನ ನೇರ ಮೇಲೆಯೇ ಇತ್ತು.

"ಏನೂ ಕಾಣ್ತಿಲ್ವಲ್ಲೋ," ಎಂದರು ಮೆಂಕಿರ್.

"ಕಣ್ಣು ಯಾರಿಗೆ ಬೇಕು? ಯಾವ ಎಂಜಿನ್ ಯಾವುದು ಅಂತ ನನ್ನ ಕಿವಿ ಹೇಳತ್ತೆ. ಟೋಪಿ ತೆಗೀರಿ, ಸದ್ದು ಸರಿಯಾಗಿ ಕೇಳಲಿ. ತಲೆ ಬಗ್ಗಿಸಿ, ಉಸಿರೂ ಬಿಡಬೇಡಿ."

ನಾಲ್ವರೂ ಟೋಪಿ ತೆಗೆದು, ತಲೆ ಬಗ್ಗಿಸಿ, ಕೈ ಕಟ್ಟಿ ನಿಂತರು. ಎಲ್ಲೋ ಒಂದು ಕತ್ತೆಕಿರುಬ ನಕ್ಕಂತೆ ಕೂಗಿ ಸುಮ್ಮನಾಯಿತು. ನಾಯಿಗಳೂ ಬಾಯಿ ಮುಚ್ಚಿದವು. ಮಂಜು ಒಬ್ಬರಿಂದ ಒಬ್ಬರನ್ನು ಒರೆಸಿ ಹಾಕುತ್ತಿತ್ತು. ಪಕ್ಕದಲ್ಲಿ ನಿಂತವರು ಮೆಂಕಿರ್ ಹೌದೋ ಅಲ್ಲವೋ ಎಂದು ಎಂಗಿಡಾಗೇ ಒಂದು ಗಳಿಗೆ ಅನುಮಾನ ಬಂತು.

ಆಗ ಸದ್ದು ಬಂತು. ಬಹಳ ಕೆಳಗೆ, ತೀರ ಕೆಳಗೆ, ಛಾವಣಿಯ ತಗಡು ನಡುಗುವಷ್ಟು ಕೆಳಗೆ. ಕಾಣುವುದು ಏನೂ ಇಲ್ಲ. ಇಳಿಯುತ್ತಿದ್ದ ಸದ್ದು ನೆತ್ತಿಯ ಮೇಲೆ ಬಂದದ್ದೇ ಭೋರೆಂದು ಅಬ್ಬರಿಸಿ, ಬೆದರಿದ ಎತ್ತಿನ ಹಾಗೆ ಮೇಲಕ್ಕೆ ಎಗರಿ, ಮಂಜಿನೊಳಗೆ ದೂರವಾಗಿ, ಸಣ್ಣದಾಗಿ, ಇಲ್ಲವಾಯಿತು.

ಎಂಗಿಡಾ ತಲೆಯೆತ್ತಿದರು. ಹೊಸ ವಿಮಾನವೇ, ಅನುಮಾನವಿಲ್ಲ. ನೆಲ ಕಾಣದೆ ಪೈಲಟ್ ಮತ್ತೆ ಮೇಲೇರಿದ್ದಾನೆ. ದಿನವೂ ನಡೆಯುವ ಮಾತು, ಹೆದರುವಂಥದ್ದೇನಿಲ್ಲ ಎಂದು ಪುಸ್ತಕ ಹೇಳುತ್ತದೆ. ಆದರೆ ಆ ಪುಸ್ತಕ ಬರೆದವನ ಮಗಳು ಅದರೊಳಗೆ ಕೂತಿರಲಿಲ್ಲ. ಅವರು ಬಾಯಿಗೆ ಗಾಬಿಯ ಅಂಚು ಒತ್ತಿಕೊಂಡು, ಸದ್ದು ಮತ್ತೆ ಬರಲೆಂದು ಕಾದರು. ಬರಲಿಲ್ಲ.

ಅದೇ ಗಳಿಗೆಯಲ್ಲಿ ಹಿಂದಿನಿಂದ ಗೇಟು ಕಿರ್ರೆಂದಿತು. ಚರ್ಚಿಗೆ ಹೊರಟ ಆಸ್ಕಾಲೆ ಹೊಸ್ತಿಲ ಮೇಲೆ ನಿಂತಿದ್ದರು.

ಈ ಊರಿನಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಹತ್ತಿರದವರಿಗೆ ದಿನಗಟ್ಟಲೆ ಮುಚ್ಚಿಡುತ್ತಾರೆ. ಆಮೇಲೆ ಒಂದು ದಿನ ಬೆಳಕು ಹರಿಯುವ ಮುಂಚೆ ಓಣಿಯ ಹಿರಿಯರು ಬಿಳಿ ಹೊದ್ದು, ಬರಿದಲೆಯಲ್ಲಿ, ಮಾತಿಲ್ಲದೆ ಬಂದು ಗೇಟಿನ ಮುಂದೆ ನಿಲ್ಲುತ್ತಾರೆ. ಬಾಗಿಲು ತೆಗೆದವರಿಗೆ ಯಾರೂ ಏನೂ ಹೇಳಬೇಕಾಗಿಲ್ಲ.

"ನನ್ನ ಮಾಹ್ಲೆತ್!" ಎಂದು ಆಸ್ಕಾಲೆ ಇಟ್ಟ ಚೀತ್ಕಾರಕ್ಕೆ ಮಂಜೇ ಹರಿದಂತಾಯಿತು. ಅವರು ಗೇಟಿಗೆ ಹಣೆ ಚಚ್ಚಿಕೊಂಡು ಕುಸಿದರು.

ಎಂಗಿಡಾ ತಿರುಗಿ ನೋಡಿದರು. ಮಗಳು ವಿಮಾನದಲ್ಲಿರುವುದೇ ಆಸ್ಕಾಲೆಗೆ ಗೊತ್ತಿಲ್ಲ. ಆದರೂ ಮಗಳ ಹೆಸರು ಹಿಡಿದು ಅಳುತ್ತಿದ್ದಾಳೆ! ಅಂದರೆ ಒಳಗೆ ಫೋನು ಬಂದಿದೆ. ಅಂದರೆ ಆ ಸದ್ದು... ಅವರಿಗೆ ಮುಂದೆ ಯೋಚಿಸಲಾಗಲಿಲ್ಲ. ಹೆಂಡತಿಯ ಪಕ್ಕದಲ್ಲೇ ಕೆಸರಿನಲ್ಲಿ ಕೂತು, "ನಾನೇ ಕೊಂದೆ! ನಾನೇ ಆ ವಿಮಾನ ಹತ್ತು ಅಂದೆ!" ಎಂದು ಎದೆ ಬಡಿದುಕೊಂಡರು.

ಗಂಡನ ಅಳು ಕೇಳಿ ಆಸ್ಕಾಲೆಗೆ ಇದ್ದ ಎಳ್ಳಷ್ಟು ಸಂಶಯವೂ ಹೋಯಿತು. ಹೆಂಡತಿ ಅಳುತ್ತಾರೆಂದು ಗಂಡ, ಗಂಡ ಅಳುತ್ತಾರೆಂದು ಹೆಂಡತಿ! ಇಬ್ಬರನ್ನೂ ನೋಡಿ ಮೆಂಕಿರ್ ಗೋಡೆಗೆ ಮುಖ ಕೊಟ್ಟು ಹೋ ಎಂದು ಅತ್ತರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಓಣಿ ಅದು. ಕಣ್ಣುಜ್ಜಿಕೊಂಡು ಬಂದ ನೆರೆಹೊರೆ ಏನು, ಎತ್ತ ಎಂದು ಕೇಳಲಿಲ್ಲ. ಸೂತಕದ ಮನೆಯಲ್ಲಿ ಕೇಳುವುದು ಮರ್ಯಾದೆಯೂ ಅಲ್ಲ. ಹೆಂಗಸರು ಸುತ್ತ ಕೂತು ಸ್ವರ ಸೇರಿಸಿದರು. ಸಾವಿಗೆ ಒದಗಿಬರುವ ಓಣಿಯ ಸಂಘದವರು ಗೂಟ, ಹಗ್ಗ, ಬೆಂಚು ತಂದು ಗೇಟಿನ ಮುಂದೆ ಗುಡಾರ ಎಬ್ಬಿಸಿಯೇಬಿಟ್ಟರು. ಸಂಘದ ತುತ್ತೂರಿಯವನು ಶಿಬೇಶಿ ಮಂಜಿನೊಳಗೆ ಹೊಕ್ಕು ಓಣಿ ಓಣಿಯಲ್ಲೂ ಊದಿ ಸಾರತೊಡಗಿದ.

"ಎಂಗಿಡಾರ ಮಗಳು ಮಾಹ್ಲೆತ್ ತೀರಿಕೊಂಡಿದ್ದಾಳೆ! ಸಂಘದವರೆಲ್ಲ ಬನ್ನಿ!"

ಆ ತುತ್ತೂರಿ ದೂರದಿಂದ ಕೇಳುತ್ತಿದ್ದಂತೆ ಎಂಗಿಡಾಗೆ ಮಗಳು ಸತ್ತದ್ದು ನಿಜವೆಂದು ಎರಡನೆಯ ಸಲ ಅನ್ನಿಸಿತು. ಸರಕಿನದೋ ಇನ್ಯಾವುದೋ ಒಂದು ವಿಮಾನ ಮೇಲೆ ಹಾದುಹೋಯಿತು. ಯಾವುದೆಂದು ಕೇಳುವ ಕಿವಿ ಅವರಲ್ಲಿ ಉಳಿದಿರಲಿಲ್ಲ.

ಆಮೇಲೆ ಗುಡಾರದ ಅಂಚಿನ ಅಳು ತಟ್ಟನೆ ನಿಂತಿತು. ಅದರ ಪಕ್ಕದ ಅಳೂ ನಿಂತಿತು. ಮೌನ ಒಬ್ಬರಿಂದೊಬ್ಬರಿಗೆ ದಾಟುತ್ತಾ ಒಳಕ್ಕೆ ಬಂತು. ಜನ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾ ಎರಡು ಭಾಗವಾಗಿ ಸರಿದರು. ಮಂಜಿನೊಳಗಿಂದ ಒಂದು ಆಕೃತಿ ಗಡಗಡ ಸದ್ದು ಮಾಡುವ ಏನನ್ನೋ ಎಳೆಯುತ್ತಾ ಬರುತ್ತಿತ್ತು. ಮುಖ ಸುಣ್ಣದಂತೆ ಬಿಳುಪು. ಮುಖ ಮಾಹ್ಲೆತ್‌ಳದು!

ಧೈರ್ಯ ಮಾಡಿದವಳು ಮುದುಕಿ ಬಿರ್ಕೆ ಒಬ್ಬಳೇ. "ಅಲ್ಲಿಂದ ಬಂದ್ಯಾ ಮಗಳೇ?"

"ಹೂಂ ಎಟೆಟೆ, ಅಲ್ಲಿಂದಲೇ," ಎಂದಿತು ಆಕೃತಿ ನಡುಗುತ್ತಾ.

"ಹೇಗಿದೆ ಅಲ್ಲಿ?"

"ತಣ್ಣಗಿದೆ. ಯಾರೂ ಯಾರನ್ನೂ ಮಾತಾಡಿಸಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬಳು ಮೂರ್ಛೆ ಹೋದಳು. "ಎಟೆಟೆ, ಅಲ್ಲಿ ಓಣಿಯ ಬಾಯಲ್ಲಿ ಶಿಬೇಶಿ ನನ್ನ ಹೆಸರು ಹಿಡಿದು ಊದ್ತಿದ್ದಾನೆ! ನನ್ನ ನೋಡಿದ್ದೇ ತುತ್ತೂರಿ ಬಿಸಾಕಿ ಓಡಿಹೋದ. ನಾನು ಸತ್ತಿದ್ದು ಯಾವಾಗ?" ಎಂದ ಹುಡುಗಿ, ಕೆಸರಿನಲ್ಲಿ ಕೂತ ಅಪ್ಪ ಅಮ್ಮನನ್ನು ನೋಡಿ, ಪೆಟ್ಟಿಗೆ ಬಿಟ್ಟು, "ಎಮಾಯೆ!" ಎಂದು ಓಡಿಬಂದಳು.

ಆಸ್ಕಾಲೆ ಮಗಳ ಕೆನ್ನೆ, ಕಿವಿ, ಬೆರಳು ಒಂದೊಂದೇ ಮುಟ್ಟಿ ನೋಡಿದರು. ಬಿಸಿಯಾಗಿತ್ತು. ಆಮೇಲೆ ಅತ್ತದ್ದೇ ನಿಜವಾದ ಅಳು, ಅದಕ್ಕೆ ಓಣಿಯಲ್ಲಿ ಯಾರೂ ಸ್ವರ ಸೇರಿಸಲಿಲ್ಲ.

ಸುದ್ದಿ ಬಿಡಿಬಿಡಿಯಾಗಿ ಹೊರಬಿತ್ತು. ಕೊನೆಗಳಿಗೆಯಲ್ಲಿ ವಿಮಾನ ಬದಲಾಗಿತ್ತು. ಮಾಹ್ಲೆತ್ ಬಂದದ್ದು ಒಂದು ಹಳೆಯ ಏಳು-ಆರು-ಏಳರಲ್ಲಿ! ಗಾಳಿ ಬೆನ್ನಿಗಿತ್ತು. ಮಂಜು ಕವಿಯುವ ಮೊದಲೇ, ಈ ನಾಲ್ವರು ಟೋಪಿ ತೆಗೆಯುವ ಮೊದಲೇ ಅದು ಇಳಿದಾಗಿತ್ತು. ಅಷ್ಟು ಹೊತ್ತೂ ಹುಡುಗಿ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಾಗಿ ಕಾದು ನಿಂತಿದ್ದಳು. ನೆತ್ತಿಯ ಮೇಲೆ ಅಬ್ಬರಿಸಿ ಹೋದದ್ದು ಯಾರದೋ ಹೊಸ ವಿಮಾನ, ಈಗ ಬೇರೆ ಊರಿನಲ್ಲಿ ಕೂತು ಮಂಜು ಕರಗುವುದನ್ನು ಕಾಯುತ್ತಿತ್ತು.

"ಗೆದ್ದೆ ಕಣೋ!" ಎನ್ನಲು ಹೋದ ಮೆಂಕಿರ್‌ಗೆ ಬಿಕ್ಕಳಿಕೆ ನಿಲ್ಲದೆ ಮಾತು ಹೊರಡಲಿಲ್ಲ.

ಎಂಗಿಡಾ ಗಂಟಲು ಸರಿಮಾಡಿಕೊಂಡರು. "ನೋಡು ಆಸ್ಕಾಲೆ, ನೀನು ಹೆದರಬಾರದು ಅಂತಲೇ ನಾನು... ಅಸಲಿಗೆ ಪಾಯಿಂಟ್ ಎಂಬತ್ತೈದು ಅಂದರೆ..."

"ವಿಮಾನಗಳ ವೇಗ ಎಲ್ಲ ಬಲ್ಲಿರಲ್ಲ," ಎಂದರು ಆಸ್ಕಾಲೆ, ಮಗಳನ್ನು ತಬ್ಬಿಕೊಂಡೇ. "ಆ ಗೇಟು ತೆಗೆದಾಗ ನನ್ನ ಜೀವ ಹೋಯ್ತಲ್ಲ, ಅದು ಯಾವ ವೇಗದಲ್ಲಿ ಹೋಯ್ತು? ಅದನ್ನ ಹೇಳಿ."

ಅದೇ ವೇಗದಲ್ಲಿ ತಮ್ಮದೂ ಹೋಗಿತ್ತೆಂದು ಹೇಳುವ ಮುಖ ಎಂಗಿಡಾಗೆ ಇರಲಿಲ್ಲ.

ಅಷ್ಟರಲ್ಲಿ ಶಿಬೇಶಿ ಬಿಸಾಕಿದ ತುತ್ತೂರಿ ಎತ್ತಿಕೊಂಡು ಬಂದು, ಹೆದರುತ್ತಾ ಇಣುಕಿ ಎಂಗಿಡಾರನ್ನು ಕೇಳಿದ. "ಗಾಶೆ, ಮೂರು ಓಣಿ ಊದಿ ಆಯ್ತು. ಜನ ಹೊರಟು ಬರ್ತಿದ್ದಾರೆ. ಊದಿದ ಮೇಲೆ ಸಾವಿಲ್ಲ ಅಂದರೆ ಸಂಘದಲ್ಲಿ ನನ್ನ ಮಾನ ಏನಾಗ್ಬೇಕು? ಯಾರ ಹೆಸರು ಹೇಳಲಿ?"

"ಎಂಗಿಡಾರ ಬುದ್ಧಿವಂತಿಕೆ ತೀರಿಕೊಂಡಿತು ಅಂತ ಊದಪ್ಪ," ಎಂದರು ಆಸ್ಕಾಲೆ. "ಹತ್ತಿರದ ಬಂಧು ಇವರೊಬ್ಬರೇ. ಇಲ್ಲೇ ಕೂತಿರ್ತಾರೆ, ಎಲ್ಲರೂ ಬಂದು ಸಮಾಧಾನ ಹೇಳ್ಲಿ." ಮಗಳ ಭುಜ ಹಿಡಿದು ಒಳಗೆ ಹೋಗಿ ಕಾಫಿ ಬೀಜ ಹುರಿಯಲು ಕೂತರು.

ಶಿಬೇಶಿ ಊದಿದ, ಹೇಳಿಕೊಟ್ಟಂತೆಯೇ, ಬಹಳ ಗಂಭೀರವಾಗಿ. ಮಂಜಿನೊಳಗಿಂದ ಜನ ಸಾಲುಸಾಲಾಗಿ ಬಂದರು. ಎಂಗಿಡಾ ಗುಡಾರದ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತರು. ಒಬ್ಬೊಬ್ಬರೂ ಕೈಹಿಡಿದು, "ದೇವರು ಗಟ್ಟಿ ಮಾಡಲಿ" ಎಂದು ಹೇಳಿ, ಸಾವಿನ ಮನೆಯಲ್ಲಿ ಹಂಚುವ ಹುರಿದ ಬಾರ್ಲಿ ತಿನ್ನಲು ಪಕ್ಕಕ್ಕೆ ಸರಿದರು. ಮೆಂಕಿರ್ ಎರಡು ಸಲ ಸಾಲಿನಲ್ಲಿ ಬಂದರು.

ಕೊನೆಯಲ್ಲಿ ಬಂದ ಮುದುಕಿ ಬಿರ್ಕೆಗೆ ಕಿವಿ ಮಂದ. ತುತ್ತೂರಿಯ ಮಾತು ಅರ್ಧ ಮಾತ್ರ ಕೇಳಿತ್ತು. ಎಂಗಿಡಾರ ಎರಡೂ ಕೈಗಳನ್ನು ತನ್ನ ಕೈಯೊಳಗಿಟ್ಟುಕೊಂಡು ಕರುಣೆಯಿಂದ ಕೇಳಿದಳು.

"ತುಂಬ ದಿನದಿಂದ ಕಾಯಿಲೆ ಇತ್ತಾ ಮಗನೇ?"

"ಹೌದು ಎಟೆಟೆ," ಎಂದರು ಎಂಗಿಡಾ. "ಹುಟ್ಟಿದಾಗಿನಿಂದ."