ಹದಿನಾಲ್ಕನೇ ಖಾನೆಯ ಕಣಜ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡು ಮಿಲಿಮೀಟರ್ ಉದ್ದದ ಒಂದು ಕಣಜ. ಅದೂ ಸತ್ತದ್ದು. ಮೂರು ವಾರದ ಹಿಂದೆ ಸಂಗ್ರಹಾಲಯದ ಕೀಟವಿಭಾಗದಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಕಾಲು ಮೇಲಾಗಿ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಉಫ್ ಎಂದು ಊದಿ ಕೂತುಬಿಡುತ್ತಿದ್ದರು. ಆದರೆ ಅದು ನುಸಿಗುಳಿಗೆಯವರ ಕಣ್ಣಿಗೆ ಬಿತ್ತು.

ನುಸಿಗುಳಿಗೆ ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಸಂಗ್ರಹಾಲಯದ ಬೀರುಗಳಲ್ಲಿ ಗುಂಡುಸೂಜಿಗೆ ಚುಚ್ಚಿಟ್ಟ ಸಾವಿರಾರು ಕೀಟಗಳಿಗೆ ಹುಳು ಹಿಡಿಯದಂತೆ ನುಸಿಗುಳಿಗೆ ಹಾಕುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಹಾಕಿ ಹಾಕಿ ಆ ವಾಸನೆ ಅಂಗಿಗೆ ಅಂಟಿತು, ತಲೆಗೂದಲಿಗೆ ಅಂಟಿತು, ಕೊನೆಗೆ ಹೆಸರಿಗೇ ಅಂಟಿತು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಮಾವನ ಮನೆಯಲ್ಲೂ "ನುಸಿಗುಳಿಗೆ ಬಂದ್ರಾ?" ಎಂದೇ ಕೇಳುತ್ತಿದ್ದರು.

ಹೊಸ ಕೀಟವೊಂದನ್ನು ಮೊದಲು ವಿವರಿಸಿ ಬರೆದವರ ಹೆಸರು ಆ ಕೀಟದ ಹೆಸರಿನ ಬೆನ್ನಿಗೇ ಅಚ್ಚಾಗುತ್ತದೆ, ಪ್ರಪಂಚ ಇರುವವರೆಗೂ. ಹಾಗೆ ಒಂದೇ ಒಂದು ಸಲ ತನ್ನ ನಿಜವಾದ ಹೆಸರು ಅಚ್ಚಾಗಬೇಕು ಎಂಬುದು ನುಸಿಗುಳಿಗೆಯವರ ಜೀವಮಾನದ ಆಸೆ. ಈ ಕಣಜವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇರುವ ಪುಸ್ತಕವನ್ನೆಲ್ಲ ತಿರುವಿ ನೋಡಿದರು. ಯಾರೂ ಕಂಡಿರದ ಪರಾವಲಂಬಿ ಕಣಜ! ಅದರ ಕುಡಿಮೀಸೆಯ ಗಂಟುಗಳನ್ನು ಎಣಿಸಿದರು, ರೆಕ್ಕೆಯ ನರಗಳನ್ನು ಬರೆದರು, ಸೊಂಟದ ಅಳತೆ ತೆಗೆದರು. ಇಪ್ಪತ್ತೆರಡು ಪುಟವಾಯಿತು. ಕರಡನ್ನು ವಿಜ್ಞಾನ ಪತ್ರಿಕೆಗೆ ಮೊದಲೇ ಕಳಿಸಿದ್ದರು. ಕೊನೆಯ ದಿನ ಬಂತು; ಆ ದಿನ ಸಂಜೆ ಐದರೊಳಗೆ ಪೂರ್ತಿ ಪ್ರತಿಗೆ ನಿರ್ದೇಶಕರ ಸಹಿ ಹಾಕಿಸಿ ಕಳಿಸಿದರೆ ಕೆಲಸ ಮುಗಿದಂತೆ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಮದುವೆಯಾದ ಹೊಸದರಲ್ಲಿ ಏನೋ ಹೇಳಿದ್ರಿ, ನೆನಪಿದೆಯಾ?"

"ಏನೇನೋ ಹೇಳಿರ್ತೀನಿ ಕಣೇ. ಯಾವುದು?"

"ಮೊದಲು ಸಿಗೋ ಹೊಸ ಹುಳಕ್ಕೆ ನನ್ನ ಹೆಸರಿಡ್ತೀನಿ ಅಂದಿದ್ರಿ. ಬೇರೆ ಗಂಡಂದಿರು ಚಂದ್ರನ್ನೇ ತಂದುಕೊಡ್ತೀನಿ ಅಂತಾರಂತೆ. ನಾನು ಪಾಪ, ಹುಳಕ್ಕೇ ಒಪ್ಕೊಂಡೆ."

"ಇಡ್ತೀನಿ ಕಣೇ. ಹೆಸರಿನ ಜಾಗ ಖಾಲಿ ಬಿಟ್ಟಿದೀನಿ, ಇವತ್ತೇ ತುಂಬ್ತೀನಿ."

ಹೆಂಡತಿಯ ಮುಖ ಅರಳಿತು. "ಅಲ್ಲಾ, ಆ ಹುಳ ಏನ್ಮಾಡುತ್ತೆ?"

ಬುದ್ಧಿ ಇದ್ದವನಾದರೆ ಹೂವಿಂದ ಹೂವಿಗೆ ಹಾರುತ್ತೆ ಎಂದು ಹೇಳಿ ಬಸ್ಸು ಹಿಡಿಯುತ್ತಿದ್ದ. ನುಸಿಗುಳಿಗೆಯವರಿಗೆ ಬುದ್ಧಿಗಿಂತ ವಿಜ್ಞಾನ ಜಾಸ್ತಿ. "ಬೇರೆ ಯಾವುದೋ ಹುಳದ ಮರಿ ಹುಡುಕ್ಕೊಂಡು ಹೋಗುತ್ತೆ. ಕುಟುಕಿ, ಕೈಕಾಲು ಆಡದ ಹಾಗೆ ಮಾಡುತ್ತೆ. ಆದ್ರೆ ಸಾಯಿಸಲ್ಲ ನೋಡು! ಅದರ ಮೈಮೇಲೆ ಮೊಟ್ಟೆ ಇಡುತ್ತೆ. ಮೊಟ್ಟೆಯೊಡೆದು ಬಂದ ಮರಿ, ಆ ಹುಳ ಜೀವಂತ ಇರುವಾಗ್ಲೇ ಅದನ್ನ ನಿಧಾನವಾಗಿ ತಿಂದು ಮುಗಿಸುತ್ತೆ. ಎಷ್ಟು ಅಚ್ಚುಕಟ್ಟು ಅಂತೀಯ!"

"ಅದಕ್ಕೆ ನನ್ನ ಹೆಸರಾ?"

"ಹೆಣ್ಣು ಕಣೇ ಅದು, ಅದಕ್ಕೇ..."

"ಯಾವತ್ತು ಕುಟುಕಿದೀನಿ ನಿಮ್ಮನ್ನ? ಯಾವತ್ತು ತಿಂದಿದೀನಿ? ಬೀದಿಯವರಿಗೆಲ್ಲ ನನ್ನ ಹೆಸರಿಡ್ತಾರೆ ಅಂತ ಹೇಳ್ಕೊಂಡು ಬಂದಿದೀನಲ್ಲ, ನನ್ನ ಕರ್ಮ! ಬೇಡವೇ ಬೇಡ. ನಿಮ್ಮ ಸಾಹೇಬರ ಹೆಸರೇ ಇಟ್ಕೊಳ್ಳಿ!"

ಬಾಗಿಲು ದಢಾರನೆ ಮುಚ್ಚಿತು. ಊಟದ ಡಬ್ಬಿ ಒಳಗೇ ಉಳಿಯಿತು.

ಕಚೇರಿಯಲ್ಲಿ ವಿಜ್ಞಾನ ಪತ್ರಿಕೆಯ ಸಂಪಾದಕರ ಪತ್ರ ಬಂದು ಕಾದಿತ್ತು. 'ಎಲ್ಲ ಸರಿಯಿದೆ. ಆದರೆ ಈ ಕಣಜ ಯಾವ ಕೀಟದ ಮೇಲೆ ಬದುಕುತ್ತದೆ, ಎಲ್ಲಿ ಬದುಕುತ್ತದೆ ಎಂಬುದನ್ನು ಬರೆದಿಲ್ಲ. ಅದಿಲ್ಲದಿದ್ದರೆ ಮುಂದಿನ ವರ್ಷ ನೋಡೋಣ.' ನುಸಿಗುಳಿಗೆಯವರು ತಲೆ ಮೇಲೆ ಕೈ ಹೊತ್ತು ಕೂತರು. ಕಣಜ ಕಿಟಕಿಯಾಚೆಯ ಮರದಿಂದ ಹಾರಿ ಬಂದಿದೆ ಎಂದು ಅವರು ತಿಳಿದಿದ್ದರು. ಮರದಲ್ಲಿ ಹುಳಕ್ಕೇನು ಬರವೇ? ಯಾವುದೆಂದು ಬರೆಯುವುದು?

ಆಗ ಎದುರಿನ ಬೀರುವಿನ ಸಂದಿಯಿಂದ ಏನೋ ಹೊರಗೆ ತೆವಳಿತು. ಮಸೂರ ಹಿಡಿದು ನೋಡಿದರೆ ಅದೇ ಕಣಜ, ಜೀವಂತ! ಹದಿನಾಲ್ಕನೇ ಖಾನೆಯಿಂದ ಬರುತ್ತಿತ್ತು.

ಆ ಬೀರು ನಿರ್ದೇಶಕರದು. ಹರೆಯದಲ್ಲಿ ಕಾಡುಮೇಡು ಅಲೆದು ಅವರೇ ಹಿಡಿದ ಚಿಟ್ಟೆಗಳು, ಅದರಲ್ಲೂ ಹದಿನಾಲ್ಕನೇ ಖಾನೆಯ ನೀಲಿ ಚಿಟ್ಟೆಗಳೆಂದರೆ ಅವರಿಗೆ ಪ್ರಾಣ. ಮಂಡಿನೋವಿನಿಂದ ಒಂದು ವರ್ಷದಿಂದ ಮಹಡಿ ಹತ್ತಿ ಬಂದಿರಲಿಲ್ಲ, ಅಷ್ಟೆ. ನುಸಿಗುಳಿಗೆಯವರು ಖಾನೆ ಎಳೆದರು. ಚಿಟ್ಟೆಗಳಿರಲಿಲ್ಲ. ಸಾಲಾಗಿ ಗುಂಡುಸೂಜಿಗಳಿದ್ದವು, ಕೆಳಗೆ ನೀಲಿ ಪುಡಿ ಇತ್ತು. ಪುಡಿಯ ನಡುವೆ, ಒಣಗಿದ ಕೀಟಗಳನ್ನು ತಿಂದು ಬದುಕುವ ಜೀರುಂಡೆಯ ರೋಮದ ಮರಿಗಳು ಕೊಬ್ಬಿ ಓಡಾಡುತ್ತಿದ್ದವು. ಅದರಲ್ಲೊಂದನ್ನು ಕಣಜ ಕುಟುಕಿ ಮಲಗಿಸಿ ಶ್ರದ್ಧೆಯಿಂದ ಮೊಟ್ಟೆ ಇಡುತ್ತಿತ್ತು.

ಯಾವ ಕೀಟ, ಎಲ್ಲಿ ಎಂಬ ಎರಡು ಪ್ರಶ್ನೆಗೂ ಒಂದೇ ಖಾನೆಯಲ್ಲಿ ಉತ್ತರ! ವಿಜ್ಞಾನಿಗೆ ಕುಣಿಯಬೇಕೆನಿಸಿತು. ಗುಳಿಗೆ ಹಾಕುವ ನೌಕರನಿಗೆ ಓಡಿಹೋಗಬೇಕೆನಿಸಿತು. ಏಕೆಂದರೆ ಹೋದ ವರ್ಷ ಗುಳಿಗೆ ಅರ್ಧವೇ ಬಂದಾಗ, ನಿರ್ದೇಶಕರ ಬೀರುವಿನ ಪಾಲನ್ನು ಅವರು ತಮ್ಮ ಜೇನ್ನೊಣಗಳ ಬೀರುವಿಗೆ ಹಾಕಿದ್ದರು. ರಜೆ ದಿನಗಳಲ್ಲಿ ಬಿಸಿಲಲ್ಲಿ ಅಲೆದು ಕೂಡಿಸಿದ ಹದಿನೆಂಟು ಖಾನೆ ಜೇನ್ನೊಣಗಳು, ಕರುಳು ಕೇಳಲಿಲ್ಲ. ಅವುಗಳಲ್ಲಿ ಇನ್ನೂ ಹೆಸರಿಲ್ಲದ, ಒಂದೊಂದೇ ಸಿಕ್ಕ ಏಳು ಪುಟ್ಟ ನೊಣಗಳನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದರು. ಕಣಜದ ಕೆಲಸ ಮುಗಿದ ಮೇಲೆ ಮುಂದಿನ ಸರದಿ ಅವುಗಳದೆಂದು ಮೂರು ವಾರದ ಹಿಂದೆ ಆ ಡಬ್ಬಿಯನ್ನು ಗುಳಿಗೆಯ ಬೀರುವಿನಿಂದ ಮೇಜಿನ ಮೇಲೆ ತಂದಿಟ್ಟವರು, ಕಣಜದ ಗುಂಗಿನಲ್ಲಿ ಮುಚ್ಚಳ ತೆಗೆದೇ ಇರಲಿಲ್ಲ.

ಖಾನೆ ಮುಚ್ಚುವುದಕ್ಕೂ ಜೀರುಂಡೆ ವಿಭಾಗದ ಸಹೋದ್ಯೋಗಿ ಒಳಗೆ ಬರುವುದಕ್ಕೂ ಸರಿಹೋಯಿತು. ಕೇಳದಿದ್ದರೂ ಸಲಹೆ ಕೊಡುತ್ತಿದ್ದುದರಿಂದ ಅವನಿಗೆ ಸಲಹೆಗಾರ ಎಂದೇ ಹೆಸರು.

"ಏನ್ ಸ್ವಾಮಿ, ಬೆವರ್ತಾ ಇದೀರಿ? ಕಣಜ ಎಲ್ಲಿ ಸಿಕ್ತು ಅಂತ ಬರೆದ್ರಾ?"

"ಕಿ... ಕಿಟಕಿ ಹತ್ರ. ಆಚೆ ಮರದಿಂದ ಬಂದಿರಬೇಕು."

"ಮರ! ಹಾಗಾದ್ರೆ ಇನ್ನೂ ಇರ್ತವೆ. ನಾಲ್ಕು ಗಂಟೆಗೆ ದಿನಪತ್ರಿಕೆಯಿಂದ ವರದಿಗಾರ್ತಿ ಬರ್ತಾಳಂತೆ, ಜೀವಂತದ್ದೇ ಹಿಡಿದು ತೋರಿಸೋಣ. ತಾಳಿ, ಸಾಹೇಬ್ರಿಗೆ ಹೇಳ್ತೀನಿ."

"ಅಯ್ಯೋ ಬೇಡ ಮಾರಾಯ..."

ಅಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು. ಐದೇ ನಿಮಿಷಕ್ಕೆ ನಿರ್ದೇಶಕರ ಅಪ್ಪಣೆ ಬಂತು: ಒಂದಾದರೂ ಹಿಡಿಯಿರಿ. ಕಾವಲುಗಾರ ಏಣಿ ತಂದ. ಗುಮಾಸ್ತರೆಲ್ಲ ಕಡತ ಬಿಟ್ಟು ಮರದಡಿ ನೆರೆದರು. ಮರದಲ್ಲಿ ಆ ಕಣಜ ಇಲ್ಲವೇ ಇಲ್ಲ ಎಂದು ಪ್ರಪಂಚದಲ್ಲಿ ಗೊತ್ತಿದ್ದ ಒಬ್ಬನೇ ಮನುಷ್ಯನಾದ ನುಸಿಗುಳಿಗೆಯವರು, ಕೈಯಲ್ಲಿ ಬಲೆ ಹಿಡಿದು ಖಾಲಿ ಹೊಟ್ಟೆಯಲ್ಲಿ ಮರ ಹತ್ತಿದರು.

"ಇನ್ನೂ ಮೇಲೆ ಹೋಗಿ! ಬಲಗಡೆ ಕೊಂಬೆ ನೋಡಿ!" ಕೆಳಗಿನಿಂದ ಸಲಹೆಗಾರ ಕೂಗಿದ.

"ಇಲ್ಲಿ ಏನೂ ಇಲ್ಲ ಕಣೋ!"

"ಎಲೆ ಸರಿಸಿ ಸ್ವಾಮಿ, ಅಲ್ಲೇನೋ ನೇತಾಡ್ತಿದೆ!"

ನೇತಾಡುತ್ತಿದ್ದುದೂ ಕಣಜದ ಗೂಡೇ. ಆದರೆ ಎರಡು ಮಿಲಿಮೀಟರಿನದಲ್ಲ, ಎರಡು ಸೆಂಟಿಮೀಟರಿನ ಕೆಂಪು ಕಣಜದ್ದು. ಅವು ಯಾರ ಮೈಮೇಲೂ ಮೊಟ್ಟೆ ಇಡುವುದಿಲ್ಲ, ಕುಟುಕುವುದಷ್ಟೇ ಗೊತ್ತು. ನುಸಿಗುಳಿಗೆಯವರು ಏಣಿಯ ಮೆಟ್ಟಿಲು ಒಂದನ್ನೂ ಮುಟ್ಟದೆ ಕೆಳಗೆ ಬಂದರು. ಮೇಲ್ದುಟಿ ಊದಿ ಮೂಗನ್ನು ಮುಟ್ಟಿತು, ಎಡಗಣ್ಣು ಮುಚ್ಚಿಹೋಯಿತು.

"ಸುಣ್ಣ ಹಚ್ಚಿ ಸಾರ್," ಎಂದ ಕಾವಲುಗಾರ.

"ಮಂಜುಗಡ್ಡೆ ಇಡಿ," ಎಂದಳು ಟೈಪಿಸ್ಟ್.

"ಹತ್ತುವಾಗ್ಲೇ ಮುಖಕ್ಕೆ ಬಟ್ಟೆ ಕಟ್ಕೋಬೇಕಿತ್ತು," ಎಂದ ಸಲಹೆಗಾರ.

ಆ ಗದ್ದಲದಲ್ಲಿ ನಾಲ್ಕು ಗಂಟೆಯಾದದ್ದು ಗೊತ್ತಾಗಲಿಲ್ಲ. ತಲೆಯೆತ್ತಿ ನೋಡಿದರೆ, ಮೇಲೆ ಕೀಟವಿಭಾಗದ ಕಿಟಕಿಯಲ್ಲಿ ನಿರ್ದೇಶಕರ ಬೋಳುತಲೆ ಕಂಡಿತು. ಪಕ್ಕದಲ್ಲಿ ವರದಿಗಾರ್ತಿ. ಮಂಡಿನೋವಿದ್ದರೂ ಮಹಡಿ ಹತ್ತಿಬಿಟ್ಟಿದ್ದಾರೆ!

ನುಸಿಗುಳಿಗೆಯವರು ಎದ್ದು ಓಡಿದರು. ಬಾಗಿಲಿಗೆ ಬರುವಾಗ ನಿರ್ದೇಶಕರು ಹೇಳುತ್ತಿದ್ದರು: "ಹೊಸ ಕಣಜ ಇರ್ಲಿ ಬಿಡಮ್ಮ, ಇಷ್ಟು ಚಿಕ್ಕದನ್ನ ನೋಡಿ ಏನ್ಮಾಡ್ತೀಯ? ನನ್ನ ನೀಲಿ ಚಿಟ್ಟೆ ನೋಡು, ಬರೆಯೋಕೆ ಕೈ ತಡೆಯಲ್ಲ."

"ಛಾರ್, ಬೇಡ ಛಾರ್!" ಊದಿದ ತುಟಿಯಿಂದ ಅಷ್ಟೇ ಹೊರಟಿತು. ಖಾನೆ ಹೊರಗೆ ಬಂದಾಗಿತ್ತು.

ನೀಲಿ ಪುಡಿ ಸಣ್ಣಗೆ ಎದ್ದು ನಿರ್ದೇಶಕರ ಕನ್ನಡಕದ ಮೇಲೆ ಕೂತಿತು.

"ಏನ್ರೀ ಇದು?"

"ಹುಳು ಹಿಡಿದಿದೆ ಛಾರ್."

"ಅದು ನನಗೂ ಕಾಣ್ತಿದೆ! ಗುಳಿಗೆ ಎಲ್ರೀ?"

"ಹೋದ ವರ್ಷ ಕಡಿಮೆ ಬಂತು..."

"ಜೇನ್ನೊಣದ ಬೀರುವಿನಲ್ಲಿ ಖಾನೆಗೆ ನಾಲ್ಕು ನಾಲ್ಕು ಇವೆ ಸಾರ್," ಎಂದ ಹಿಂದೆಯೇ ಬಂದಿದ್ದ ಸಲಹೆಗಾರ. "ನಾನೇ ಎಣಿಸಿದೀನಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನುಸಿಗುಳಿಗೆಯವರು ಎಲ್ಲವನ್ನೂ ಒಪ್ಪಿಕೊಂಡರು: ಗುಳಿಗೆ ಕದ್ದದ್ದು, ಮರದ ಸುಳ್ಳು, ಕಣಜ ಈ ಖಾನೆಯದೇ ಎಂಬುದು. ನಿರ್ದೇಶಕರ ಮುಖ ಕೆಂಪಾಯಿತು. "ನಲವತ್ತು ವರ್ಷದ್ದು ಕಣ್ರೀ! ನಾಳೆಯಿಂದ ನೀವು..." ಎಂದು ಬೆರಳೆತ್ತಿದರು.

"ಒಂದು ನಿಮಿಷ ಸಾರ್," ಎಂದಳು ವರದಿಗಾರ್ತಿ, ಖಾನೆಯೊಳಗೆ ಬಗ್ಗಿ ನೋಡುತ್ತ. "ಹಾಗಾದ್ರೆ ಈ ಕಣಜ ಪ್ರಪಂಚದಲ್ಲಿ ಇದೊಂದು ಖಾನೆಯಲ್ಲಿ ಮಾತ್ರ ಇದೆಯಾ?"

"ಗೊತ್ತಿರೋ ಮಟ್ಟಿಗೆ ಇಲ್ಲಿ ಮಾತ್ರ," ಎಂದರು ನುಸಿಗುಳಿಗೆಯವರು.

"ಹೆಸರೇನಿಟ್ಟಿದೀರಿ?"

ನುಸಿಗುಳಿಗೆಯವರು ಒಂದೇ ಕಣ್ಣಲ್ಲಿ ನಿರ್ದೇಶಕರ ಎತ್ತಿದ ಬೆರಳನ್ನು ನೋಡಿದರು. ಬೆಳಿಗ್ಗೆ ಹೆಂಡತಿ ಹೇಳಿದ ಮಾತು ಕಿವಿಯಲ್ಲಿ ಮೊಳಗಿತು. "ನಮ್ಮ ಛಾಹೇಬರ ಹೆಛರೇ," ಎಂದುಬಿಟ್ಟರು.

ಬೆರಳು ಮೆಲ್ಲಗೆ ಇಳಿಯಿತು. ನಿರ್ದೇಶಕರು ಕನ್ನಡಕ ಒರೆಸಿಕೊಂಡರು, ಕೆಮ್ಮಿದರು. ಆಮೇಲೆ ಅವರ ದನಿಯೇ ಬೇರೆಯಾಯಿತು. "ಬರ್ಕೋಮ್ಮ. ಒಂದು ಅಪರೂಪದ ಜೀವಿಗೋಸ್ಕರ ನಾನು ನನ್ನ ಚಿಟ್ಟೆಗಳನ್ನೇ ಬಿಟ್ಟುಕೊಟ್ಟೆ. ನಾಳೆ ಅದರ ಫೋಟೋ ಜತೆ ನನ್ನದೂ ಹಾಕು." ನುಸಿಗುಳಿಗೆಯವರು ಖಾಲಿ ಜಾಗಗಳನ್ನು ತುಂಬಿದ ಕೂಡಲೇ, ಅಲ್ಲೇ ನಿಂತು ಲೇಖನಕ್ಕೆ ಸಹಿ ಹಾಕಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಅದು ಹೋಯಿತು.

ನುಸಿಗುಳಿಗೆಯವರಿಗೆ ಹೋದ ಜೀವ ಬಂದಂತಾಯಿತು. ಕೈಮುಗಿದು ಹೇಳಿದರು: "ನಾಳೆಯೇ ಬೀರುವಿಗೆಲ್ಲ ಗುಳಿಗೆ ಹಾಕಿ ಹುಳು ತೆಗೀತೀನಿ ಛಾರ್."

"ತಲೆ ಕೆಟ್ಟಿದೆಯೇನ್ರೀ? ಹುಳು ಸತ್ರೆ ನನ್ನ ಕಣಜ ಏನು ತಿನ್ಬೇಕು? ಇವತ್ತಿಂದ ಈ ಮಹಡಿಯಲ್ಲಿ ಒಂದು ಗುಳಿಗೆ ಕಾಣಕೂಡದು. ಒಂದು ಮರಿಹುಳ ಸಾಯಕೂಡದು. ಅವುಗಳನ್ನ ಸಾಕೋ ಜವಾಬ್ದಾರಿ ನಿಮ್ಮದು."

"ಆದ್ರೆ ಸಾರ್," ಎಂದ ಸಲಹೆಗಾರ, ಖಾನೆ ಇಣುಕಿ ನೋಡಿ, "ಚಿಟ್ಟೆ ಮುಗಿದೇ ಹೋಗಿವೆಯಲ್ಲ. ಹುಳು ಏನು ತಿನ್ಬೇಕು?" ಅವನೇ ಸುತ್ತ ನೋಡಿ ಉತ್ತರವನ್ನೂ ಕೊಟ್ಟ. "ಜೇನ್ನೊಣ ಹದಿನೆಂಟು ಖಾನೆ ಇವೆ. ಒಳ್ಳೇ ಮಾಲು, ಒಂದಕ್ಕೂ ಹುಳು ಬಿದ್ದಿಲ್ಲ."

ನುಸಿಗುಳಿಗೆಯವರಿಗೆ ಇಪ್ಪತ್ತೆರಡು ವರ್ಷದ ಬಿಸಿಲು ಕಣ್ಣ ಮುಂದೆ ಬಂತು. ಅಳು ಬಂತು, ಕಣಜ ಕುಟುಕಿದ್ದಕ್ಕೆ ಕಣ್ಣೀರು ಎಂದು ಎಲ್ಲರೂ ತಿಳಿದರು. ಆದೇಶ ಟೈಪಾಗಿ ಬಂತು. ಮೊದಲ ಖಾನೆಯ ಜೇನ್ನೊಣಗಳನ್ನು ತಮ್ಮ ಕೈಯಾರೆ ರೋಮದ ಮರಿಗಳ ಮುಂದೆ ಸುರಿದು, ಮೇಜಿನ ಮೇಲಿದ್ದ ಏಳು ನೊಣಗಳ ಡಬ್ಬಿಯನ್ನು ಯಾರಿಗೂ ಕಾಣದಂತೆ ಚೀಲದೊಳಗೆ ಇಳಿಸಿ ಮನೆಗೆ ಹೊರಟರು.

ಬಾಗಿಲು ತೆರೆದ ಹೆಂಡತಿ ಮುಖ ನೋಡಿ ಬೆಚ್ಚಿದಳು. "ಅಯ್ಯೋ ದೇವರೇ! ಯಾರು ಹೊಡೆದಿದ್ದು?" ಮಂಜುಗಡ್ಡೆ ತಂದು ಒತ್ತಿದಳು. ತುಟಿಯ ಊತ ಇಳಿದ ಮೇಲೆ ಮೆಲ್ಲಗೆ ಕೇಳಿದಳು: "ಯಾರ ಹೆಸರಿಟ್ರಿ?"

"ಸಾಹೇಬ್ರದ್ದು. ನೀನೇ ಅಂದ್ಯಲ್ಲ."

"ನಾನು ಅಂದ್ರೆ ಇಟ್ಟೇಬಿಡೋದಾ? ಇನ್ನೊಂದು ಸಲ ಕೇಳೋಕೆ ಏನು ರೋಗ?" ಮಂಜುಗಡ್ಡೆ ಸ್ವಲ್ಪ ಜೋರಾಗಿಯೇ ಒತ್ತಿತು.

"ಬೇಜಾರು ಮಾಡ್ಕೋಬೇಡ ಕಣೇ. ಇನ್ನೂ ಏಳು ಇವೆ, ಯಾರೂ ಹೆಸರಿಟ್ಟಿಲ್ಲ. ಅದರಲ್ಲಿ ಚೆಂದದ್ದು ನಿಂಗೆ." ಚೀಲದಿಂದ ಡಬ್ಬಿ ತೆಗೆದರು.

ಹೆಂಡತಿ ಈ ಸಲ ಹುಷಾರಾಗಿದ್ದಳು. "ಮೊದಲು ಇದು ಏನ್ಮಾಡುತ್ತೆ ಹೇಳಿ."

"ಇದೂ ಪರಾವಲಂಬಿನೇ. ಬೇರೆ ಜೇನ್ನೊಣದ ಮನೆಗೆ ಹೋಗಿ ತನ್ನ ಮೊಟ್ಟೆ ಇಟ್ಟು ಬರುತ್ತೆ. ಇದರ ಮರಿ ಅಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ತಿಂದು ಬೆಳೆಯುತ್ತೆ."

"ನಿಮ್ಮ ತಂಗಿ ಹೆಸರಿಡಿ," ಎಂದಳು ಹೆಂಡತಿ. ಪ್ರತಿ ರಜೆಗೂ ಮಕ್ಕಳನ್ನು ತಂದು ಬಿಟ್ಟುಹೋಗುವ ನಾದಿನಿ ಅವಳು.

ನುಸಿಗುಳಿಗೆಯವರಿಗೆ ಆ ದಿನ ಮೊದಲ ಸಲ ನಗು ಬಂತು. ನಗುತ್ತಲೇ ಮುಚ್ಚಳ ತೆಗೆದರು. ಗುಂಡುಸೂಜಿಗಳು ಏಳೂ ಇದ್ದವು. ನೊಣ ಒಂದೂ ಇರಲಿಲ್ಲ. ತಳದಲ್ಲಿ ಸಣ್ಣ ಪುಡಿಯ ಮೇಲೆ, ಒಂದು ರೋಮದ ಮರಿಹುಳ ಹೊಟ್ಟೆ ತುಂಬಿ ಮಲಗಿತ್ತು.

"ಥೂ, ಹೊಸಕಿ ಹಾಕಿ ಅದನ್ನ!" ಎಂದಳು ಹೆಂಡತಿ.

ನುಸಿಗುಳಿಗೆಯವರ ಹೆಬ್ಬೆರಳು ಮೇಲೆದ್ದಿತು, ಅಲ್ಲೇ ನಿಂತಿತು. ಜೇಬಿನಲ್ಲಿ ಆದೇಶದ ಕಾಗದ ಸರಕ್ಕೆಂದಿತು. ಬೆರಳು ಇಳಿಸಿ, ಒಂದು ಖಾಲಿ ಬೆಂಕಿಪೊಟ್ಟಣ ತರಿಸಿಕೊಂಡರು. ನಾಳೆ ಕಚೇರಿಗೆ ಒಯ್ಯಬೇಕಲ್ಲ ಎಂದು ಮರಿಹುಳವನ್ನು ಜೋಪಾನವಾಗಿ ಎತ್ತಿ ಅದರೊಳಗೆ ಮಲಗಿಸಿದರು.