ಹನ್ನೊಂದು ಅಡಿ ಕಳೆದುಕೊಂಡ ಕಾಫಿ ಹೋಟೆಲು

ಕಾಫಿ ಹೋಟೆಲು ಇಟ್ಟವನು ನಗುವಿಗೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ, ಅದು ದಿನಾ ಬೆಳಗ್ಗೆ ಹಾಲಿನ ಕ್ಯಾನಿನ ಜೊತೆಗೇ ಬಂದು ಇಳಿಯುತ್ತೆ. ಕಳೆದ ವರ್ಷ ಮಾತ್ರ ಅದು ಬಂದ ದಿನಗಳೆಲ್ಲ ನಮಗೆ ನಗೋಕೆ ಮನಸ್ಸಿಲ್ಲದ ದಿನಗಳೇ ಆಗಿದ್ದವು.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಮನೇಲಿ ನಾಲ್ಕು ಹಸು ಇವೆ. ಮೂವತ್ತು ವರ್ಷದ ಮೇಲಾಯ್ತು, ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಹಾಲು ಕರೆದು, ಮಾರಿಕುಪ್ಪಂ ರೈಲು ಹತ್ತಿ, ಉರಿಗಾಂನಲ್ಲಿ ಇಳಿದು, ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿ ಹೋಟೆಲಿನ ಬಾಗಿಲು ತೆಗೀತೀವಿ. ಹೋಟೆಲು ಅಂದರೆ ದೊಡ್ಡದೇನಲ್ಲ. ಇಪ್ಪತ್ತನಾಲ್ಕು ಅಡಿ ಉದ್ದ, ಆರು ಮೇಜು, ಒಂದು ಹಿತ್ತಾಳೆ ಫಿಲ್ಟರು. ಆ ಇಪ್ಪತ್ತನಾಲ್ಕು ಅಡಿಯಲ್ಲಿ ಹನ್ನೊಂದು ಅಡಿ ರಸ್ತೆಗೆ ಹೋಗುತ್ತೆ ಅಂತ ಗೊತ್ತಾದ ದಿನದಿಂದ ಶುರು ಮಾಡ್ತೀನಿ.

ಕೆಂಪು ಬಣ್ಣದ ತಿಂಡಿ

ರಸ್ತೆ ಅಗಲ ಮಾಡೋರು ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಟೇಪು, ಇನ್ನೊಬ್ಬರ ಕೈಯಲ್ಲಿ ಕೆಂಪು ಬಣ್ಣದ ಡಬ್ಬ. ರಸ್ತೆ ಮಧ್ಯದಿಂದ ಅಳೆಯುತ್ತಾ ಅಳೆಯುತ್ತಾ ಒಳಗೇ ಬಂದುಬಿಟ್ಟರು. ಎರಡನೇ ಮೇಜು ದಾಟಿದರು, ಮೂರನೇ ಮೇಜಿನ ಹತ್ತಿರ ನಿಂತರು. ಪಕ್ಕದ ಗೋಡೆ ಮೇಲೆ ಒಂದು ಉದ್ದ ಗೆರೆ ಎಳೆದರು.

"ಇಲ್ಲೀಗಂಟ ಹೋಗುತ್ತೆ ಯಜಮಾನ್ರೇ," ಅಂದರು ಟೇಪಿನವರು. ಬಂದೋರಿಗೆ ಕಾಫಿ ಕೊಡೋದು ಅಭ್ಯಾಸ, ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಇಂಥ ಹೋಟೆಲೆಲ್ಲ ಉಳೀಬೇಕು," ಅಂದುಬಿಟ್ಟು ಹೊರಟರು.

ಹೋಗೋ ಮುಂಚೆ ಬಣ್ಣದವರು ಎಷ್ಟು ಅಡಿ ಅನ್ನೋದನ್ನ ಗೋಡೆ ಮೇಲೆ ಬರೆದಿದ್ದರು. ಬರೆಯೋಕೆ ಜಾಗ ಸಿಕ್ಕಿದ್ದು ನಮ್ಮ ತಿಂಡಿ ಬೋರ್ಡಿನ ಕೆಳಗೆ. ಕಾಫಿ ಹದಿನೈದು, ಟೀ ಹನ್ನೆರಡು, ಉದ್ದಿನವಡೆ ಇಪ್ಪತ್ತು, ಅದರ ಕೆಳಗೆ ಕೆಂಪಗೆ ಹನ್ನೊಂದು.

ಮಾರನೇ ದಿನ ಸಂತೆಗೆ ಬಂದಿದ್ದ ರೈತರೊಬ್ಬರು ಬೋರ್ಡನ್ನೇ ತುಂಬಾ ಹೊತ್ತು ನೋಡಿ, "ಅಣ್ಣೋ, ಆ ಕೆಂಪುದು ಒಂದು ಪ್ಲೇಟ್ ಕೊಡು. ಎಲ್ಲಕ್ಕಿಂತ ಅದೇ ಕಮ್ಮಿ ಐತೆ," ಅಂದರು.

"ಅದು ತಿಂಡಿ ಅಲ್ಲ ಕಣಣ್ಣ, ರಸ್ತೆಗೆ ಓಗೋ ಜಾಗ," ಅಂದೆ.

ಅವರು ಸ್ವಲ್ಪ ಯೋಚನೆ ಮಾಡಿ, "ಅಂಗಾದ್ರೆ ಒಂದು ವಡೇನೇ ಕೊಡು," ಅಂದರು.

ಒಳಗಿನವರು, ಹೊರಗಿನವರು

ಆ ಕೆಂಪು ಗೆರೆ ಸರಿಯಾಗಿ ಮೂರನೇ ಮೇಜಿನ ನಡುವೆ ಹಾದುಹೋಗಿತ್ತು. ಅದು ಹಳೇ ಚಿನ್ನದ ಗಣಿ ಕೆಲಸಗಾರರು ನಾಲ್ಕು ಜನ ಕೂರೋ ಮೇಜು. ಚಾಂಪಿಯನ್ ರೀಫ್ಸಿನಲ್ಲಿ ಗಣಿಯವರು ಕಟ್ಟಿಸಿದ್ದ ಲೈನು ಮನೆಗಳಿಂದ ಬೆಳಗ್ಗೆ ಎಂಟಕ್ಕೆ ಬರೋರು, ಒಂದೊಂದು ಕಾಫಿ ಇಟ್ಟುಕೊಂಡು ಹತ್ತರವರೆಗೆ ತಮಿಳಲ್ಲಿ ಮಾತಾಡೋರು. ಗಣಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಇವರು ಮಾತ್ರ ಡ್ಯೂಟಿ ತಪ್ಪಿಸಿರಲಿಲ್ಲ.

ಅವರಲ್ಲಿ ಹಿರಿಯರು ಮೇಸ್ತ್ರಿ. ಗಣಿಯಲ್ಲಿ ಒಂದು ಗ್ಯಾಂಗು ನಡೆಸಿದ್ದವರು. ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು. ನಾಲ್ಕು ಮಾತಿಗೆ ಒಂದು ಸಲ ನಿಂತು ಉಸಿರು ಎಳೆದುಕೊಳ್ಳೋರು. ಗೆರೆ ಬಿದ್ದಮೇಲೆ ಮೇಸ್ತ್ರಿ ಮತ್ತು ಇನ್ನೊಬ್ಬರ ಕುರ್ಚಿ ಒಳಗೆ ಉಳೀತು, ಎದುರು ಕೂರೋ ಇಬ್ಬರದು ರಸ್ತೆಗೆ ಹೋಯ್ತು.

ರಸ್ತೆ ಕಡೆಯ ಇಬ್ಬರಿಗೆ ಸಿಟ್ಟು. "ದಿನಾ ಒಂದೊಂದು ಕಡೆ ಕೂರೋಣ, ಎಲ್ಲಾರ್ಗೂ ಒಂದೇ ನ್ಯಾಯ," ಅಂದರು ಒಬ್ಬರು. "ಹಂಗಾದ್ರೆ ಸೀನಿಯಾರಿಟಿ ಯಾಕೆ ಇರೋದು," ಅಂದರು ಒಳಗಿನವರು. ಒಂದು ವಾರ ಇದೇ ಪಂಚಾಯ್ತಿ. ಒಂದು ದಿನ ನಾನು ಬೇಸರದಿಂದ, "ಹೋಟೆಲೇ ಇರುತ್ತೋ ಇಲ್ವೋ, ನೀವು ಕುರ್ಚಿಗೆ ಜಗಳ ಆಡ್ತೀರಲ್ಲ," ಅಂದುಬಿಟ್ಟೆ.

ಮೇಸ್ತ್ರಿ ನನ್ನನ್ನ ಹತ್ತಿರ ಕರೆದರು. "ತಂಬಿ, ನಾನು ಸಾವಿರಾರು ಅಡಿ ಕೆಳಗೆ ಇಳಿದು ಮೇಲೆ ಬಂದೋನು," ಅಂದರು. ನಿಂತರು. ಉಸಿರು ಎಳೆದುಕೊಂಡರು. "ನೀನು ಹನ್ನೊಂದು ಅಡಿ ಹಿಂದೆ ಹೋಗೋಕೆ ಇಷ್ಟು ಅಳ್ತೀಯಲ್ಲ."

ನನಗೆ ನಿಜವಾಗಲೂ ಸ್ವಲ್ಪ ಧೈರ್ಯ ಬಂತು. ಬಾಯಿಬಿಟ್ಟು ಏನೋ ಹೇಳೋ ಅಷ್ಟರಲ್ಲಿ ಅವರೇ ಅಂದರು: "ನನ್ನ ಕುರ್ಚಿ ಮಾತ್ರ ಅಲ್ಲಾಡಿಸಬೇಡ."

ಬಂಗಾರಪೇಟೆಯ ಅದೃಷ್ಟದ ಅಂಗಡಿ

ಹದಿಮೂರು ಅಡಿಯಲ್ಲಿ ಹೋಟೆಲು ನಡೆಯಲ್ಲ, ಬಂಗಾರಪೇಟೆಯಲ್ಲೇ ಒಂದು ಬಾಡಿಗೆ ಅಂಗಡಿ ನೋಡೋಣ, ರೈಲಿನ ಓಡಾಟವಾದರೂ ತಪ್ಪುತ್ತೆ ಅಂತ ಒಂದು ಭಾನುವಾರ ಹೆಂಡತಿ ಜೊತೆ ಹೊರಟೆ. ಬ್ರೋಕರು ಆಂಧ್ರ ಗಡಿಯವರು. ಒಂದು ಮಾತು ಕನ್ನಡ, ಎರಡು ಮಾತು ತೆಲುಗು. ಸ್ಟೇಷನ್ ಹತ್ತಿರದ ಒಂದು ಅಂಗಡಿಯ ಷಟರ್ ಎತ್ತಿದರು. ಒಳಗೆ ಗಾಳಿ ಇಲ್ಲ, ಬೆಳಕಿಲ್ಲ, ಮೂಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ತಕ್ಕಡಿ ಬಿದ್ದಿತ್ತು.

"ಚಾಲಾ ಅದೃಷ್ಟದ ಜಾಗ ಅಣ್ಣಾ," ಅಂದರು ಬ್ರೋಕರು. "ಇಲ್ಲಿ ಯಾರೂ ಜಾಸ್ತಿ ದಿನ ಕಷ್ಟಪಡಲಿಲ್ಲ."

ನನ್ನ ಹೆಂಡತಿ ತಕ್ಕಡಿ ನೋಡುತ್ತಾ ಕೇಳಿದಳು. "ಮೊದ್ಲು ಇದ್ದೋರು ಎಲ್ಲಿಗೆ ಓದ್ರು?"

"ಮೂರು ಮಂದಿ ಇದ್ರಕ್ಕಾ. ಮೊಬೈಲ್ ಅಂಗಡಿಯವರು ಕೋಲಾರಕ್ಕೆ ಓದ್ರು. ಬಟ್ಟೆ ಅಂಗಡಿಯವರು ಅವರ ಊರಿಗೆ ಓದ್ರು. ಕೋಳಿ ಅಂಗಡಿಯವರು ಮೇಲಕ್ಕೆ ಓದ್ರು."

"ಮೇಲಕ್ಕೆ ಅಂದ್ರೆ, ಮಹಡಿಗಾ?"

ಬ್ರೋಕರು ತಲೆ ಕೆರೆದುಕೊಂಡರು. "ಇಲ್ಲಕ್ಕಾ. ಈ ಬಿಲ್ಡಿಂಗಿಗೆ ಮಹಡಿ ಇಲ್ಲ."

ಮನೆ ಹತ್ತಿರ ಬಂದಮೇಲೆ ಅವಳು ಹೇಳಿದ್ದು ಒಂದೇ ಮಾತು. "ರೈಲೇ ವಾಸಿ ಕಣ್ರೀ."

ಸಕ್ಕರೆ ಇಲ್ಲದ ಕಾಫಿ

ಗೋಡೆ ಒಡೆಯೋಕೆ ಇನ್ನೂ ನಾಲ್ಕು ದಿನ ಇತ್ತು, ಮೇಸ್ತ್ರಿ ತೀರಿಕೊಂಡರು.

ಕೊನೇ ತಿಂಗಳು ಅವರು ಹೋಟೆಲಿಗೆ ಬರೋದು ನಿಂತಿತ್ತು. ನಾನೇ ಸಂಜೆ ರೈಲಿಗೆ ಮುಂಚೆ ಚಾಂಪಿಯನ್ ರೀಫ್ಸಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕಿಟಕಿ ಪಕ್ಕ ದಿಂಬಿಗೆ ಒರಗಿ ಕೂತೇ ಇರೋರು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ತಂಬಿ, ನಿನ್ನ ಗೋಡೆ ಮೊದಲಾ, ನಾನು ಮೊದಲಾ," ಅಂತ ಕೇಳೋರು. ನಾನು ಕಿಟಕಿ ಕಡೆ ನೋಡುತ್ತಿದ್ದೆ.

ಸುದ್ದಿ ಬಂದ ದಿನ ಹೋಟೆಲು ಮುಚ್ಚಿದೆವು. ಸಾವಿನ ಮನೇಲಿ ಒಲೆ ಹಚ್ಚಲ್ಲ, ದೂರದಿಂದ ಬಂದೋರಿಗೆ ಬೇಕಾಗುತ್ತೆ ಅಂತ ನನ್ನ ಹೆಂಡತಿ ಎರಡು ಕ್ಯಾನು ಕಾಫಿ ಮಾಡಿ ತಂದಿದ್ದಳು. ಮೇಸ್ತ್ರಿಯ ಮನೆಯಾಕೆ ಶವದ ತಲೆಯ ಹತ್ತಿರ ಕೂತಿದ್ದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ನನ್ನನ್ನ ಕಂಡು ಪಕ್ಕಕ್ಕೆ ಕರೆದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಅವರಿಗೆ ಶುಗರ್ ಇತ್ತು. ಮನೇಲಿ ನಾನು ಒಂದು ಕಾಳು ಸಕ್ಕರೆ ಕೊಟ್ಟಿಲ್ಲ. ನಿಮ್ಮ ಹೋಟೆಲಲ್ಲೂ ಹಾಕಿಸಿಕೊಳ್ಳಲ್ಲ ಅಂತಿದ್ರು. ಹೌದಾ?"

ಮೇಸ್ತ್ರಿಗೆ ಒಂದು ಲೋಟಕ್ಕೆ ಮೂರು ಚಮಚ ಬೇಕಿತ್ತು. ಆದರೆ ಅವರು ಅಲ್ಲೇ ಮಲಗಿದ್ದರು, ಕಣ್ಣು ಮುಚ್ಚಿ, ಮೂಗಿಗೆ ಹತ್ತಿ ಇಟ್ಟುಕೊಂಡು. "ಹೌದಮ್ಮಾ, ಒಂದು ಕಾಳೂ ಇಲ್ಲ," ಅಂದೆ.

ಆಕೆ ಗೋಡೆಗೆ ನೇತುಹಾಕಿದ್ದ ಅವರ ಟವೆಲ್ ಕಡೆ ನೋಡಿದರು. "ದಿನಾ ಅದರಲ್ಲೇ ಮೀಸೆ ಒರೆಸಿಕೊಂಡು ಬರ್ತಿದ್ರು," ಅಂದರು. "ಸಕ್ಕರೆ ಇಲ್ಲದ ಕಾಫಿ ಒರೆಸಿದ ಟವೆಲ್ಲಿಗೆ ದಿನಾ ಇರುವೆ ಯಾಕೆ ಮುತ್ತುತ್ತಿದ್ವು?"

ನಾನು ತಲೆ ತಗ್ಗಿಸಿದೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡು ಬಕೆಟ್ ನೀರು

ಒಡೆಯೋ ದಿನ ಬೆಳಗ್ಗೆ ಒಂಬತ್ತಕ್ಕೇ ಜೆಸಿಬಿ ಬಂತು. ಮೇಜು ಕುರ್ಚಿ ಎಲ್ಲ ಹಿಂದಕ್ಕೆ ಎಳೆದು, ಫಿಲ್ಟರಿಗೆ ಗೋಣಿಚೀಲ ಹೊದಿಸಿ, ನಾವಿಬ್ಬರೂ ಒಳಗೆ ನಿಂತಿದ್ದೆವು. ರಸ್ತೆ ಆಚೆ ಜನ ಸೇರಿದ್ದರು. ಮೊದಲನೇ ಏಟಿಗೆ ನಮ್ಮ ಹೆಸರಿನ ಬೋರ್ಡು ಬಿತ್ತು. ಎರಡನೇ ಏಟು ಬೀಳೋ ಮುಂಚೆ ಜೆಸಿಬಿಯಿಂದ ಬುಸ್ ಅಂತ ಹೊಗೆ ಎದ್ದು ಗಾಡಿ ನಿಂತುಹೋಯ್ತು.

ನನಗೆ ಒಂದು ಗಳಿಗೆ ಆಸೆ ಹುಟ್ಟಿದ್ದು ಸುಳ್ಳಲ್ಲ.

ಜೆಸಿಬಿ ಓಡಿಸೋರು ಕೆಳಗಿಳಿದು ನಮ್ಮ ಬಾಗಿಲ ಹತ್ತಿರ ಬಂದು, ಬಹಳ ಸಂಕೋಚದಿಂದ, "ಅಕ್ಕಾ, ಎರಡು ಬಕೆಟ್ ನೀರು ಬೇಕಿತ್ತು," ಅಂದರು.

ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಹೋಟೆಲಿನ ಅಭ್ಯಾಸ ಎಲ್ಲಿ ಬಿಡುತ್ತೆ. "ಕುಡಿಯಕ್ಕಾ, ಕೈ ತೊಳಿಯಕ್ಕಾ?" ಅಂತ ಕೇಳಿದಳು.

ಅವರು ನೆಲ ನೋಡಿದರು. "ನಿಮ್ಮ ಗೋಡೆ ಒಡಿಯಕ್ಕೆ ಅಕ್ಕಾ. ಗಾಡಿ ಕಾದೋಗೈತೆ."

ಅವಳು ಹೋಗಿ ಎರಡು ಬಕೆಟ್ ತುಂಬಿ ತಂದು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇಂಗೆ ನೋಡ್ಬೇಡಿ. ನೀರು ಕೇಳ್ದೋರಿಗೆ ಇಲ್ಲ ಅನ್ನಕ್ಕಾಯ್ತದಾ," ಅಂದಳು.

ಹಾರ ತಂದ ಮೇಷ್ಟ್ರು

ಮುಂದಿನ ಗೋಡೆ ಇಲ್ಲದ ಹೋಟೆಲಿಗೆ ಟಾರ್ಪಾಲು ಕಟ್ಟಿ ನಾವು ಹಳ್ಳಿಗೆ ಬಂದುಬಿಟ್ಟೆವು. ಗೋಡೆ ಕಟ್ಟೋರನ್ನ ಕರೆಸಬೇಕಿತ್ತು. ನಾನು ಕರೆಸಲಿಲ್ಲ. ಹದಿನೈದು ದಿನ ಕಳೀತು. ಸಾಕು, ಹಸು ನೋಡಿಕೊಂಡು ಇದ್ದುಬಿಡೋಣ ಅಂತ ಮನಸ್ಸು ಮಾಡಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಿತ್ತು, ಅವಳೂ ಕೇಳಿರಲಿಲ್ಲ.

ಅಷ್ಟರಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸುದ್ದಿ ಹುಟ್ಟಿತ್ತು. ನಮ್ಮ ಕಡೆ ಮಾತೇ ಹಾಗೆ. ಮೊದಲನೆಯವರು "ಓಟ್ಲು ಓಯ್ತಂತೆ" ಅಂದಿದ್ದಾರೆ. ಎರಡನೆಯವರು "ಓಟ್ಲೋರು ಓದ್ರಂತೆ" ಅಂದಿದ್ದಾರೆ. ಮೂರನೆಯವರ ಹತ್ತಿರ ಹೋಗೋ ಹೊತ್ತಿಗೆ ನನಗೆ ಎದೆನೋವು ಬಂದು, ಆಸ್ಪತ್ರೆಗೆ ಸೇರಿಸಿ, ಎಲ್ಲ ಮುಗಿದಿತ್ತು.

ಒಂದು ಮಧ್ಯಾಹ್ನ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಮನೆ ಮುಂದೆ ಆಟೋ ನಿಂತಿತು. ಇಳಿದವರು ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತೈದು ವರ್ಷದಿಂದ ನಮ್ಮ ಹೋಟೆಲಿಗೆ ಬಂದು, ಒಂದೇ ಮೂಲೆಯಲ್ಲಿ ಕೂತು, ಒಂದು ಕಾಫಿ ಕುಡಿದು, ಚೆನ್ನಾಗಿದೆ ಅಂತಲೂ ಹೇಳದೆ ಚೆನ್ನಾಗಿಲ್ಲ ಅಂತಲೂ ಹೇಳದೆ ಎದ್ದುಹೋಗುತ್ತಿದ್ದವರು. ಈಗ ನಿವೃತ್ತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಸೇವಂತಿಗೆ ಹಾರ.

ನಾನು ಸಗಣಿ ಕೈಯಲ್ಲೇ ಹೊರಗೆ ಬಂದೆ. "ಬನ್ನಿ ಮೇಷ್ಟ್ರೇ, ಏನು ಇಷ್ಟು ದೂರ?"

ಮೇಷ್ಟ್ರು ನನ್ನನ್ನ ನೋಡಿದರು, ಹಾರ ನೋಡಿದರು, ಮತ್ತೆ ನನ್ನನ್ನ ನೋಡಿದರು. "ನಿಮ್ಮನ್ನೇ ನೋಡೋಣ ಅಂತ," ಅಂದರು. "ಆದರೆ ಹೀಗಲ್ಲ."

ನನ್ನ ಹೆಂಡತಿಗೆ ವಿಷಯ ಅರ್ಥವಾಗಿ ಬಾಗಿಲಲ್ಲೇ ಕೂತುಬಿಟ್ಟಳು. ಹದಿನೈದು ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೇಷ್ಟ್ರಿಗೆ ಕುರ್ಚಿ ಹಾಕಿದೆವು, ಕಾಫಿ ಕೊಟ್ಟೆವು. ಅವರು ಹಾರದ ಚೀಲವನ್ನ ಕುರ್ಚಿ ಕೆಳಗೆ ಸರಿಸಿಕೊಂಡು ಕುಡಿದರು.

"ರೈಲಲ್ಲಿ ಬರ್ತಾ ನಾಲ್ಕು ಒಳ್ಳೇ ಮಾತು ಯೋಚಿಸಿಕೊಂಡಿದ್ದೆ, ನಿಮ್ಮ ಮನೆಯವರಿಗೆ ಹೇಳೋಣ ಅಂತ," ಅಂದರು. "ಅದು ಈಗ ಬೇಡ. ಸತ್ತವರ ಬಗ್ಗೆ ಆಡಬಾರದ ಒಂದು ಮಾತೂ ಇತ್ತು. ನೀವು ಇದ್ದೀರಲ್ಲ, ಹೇಳಿಬಿಡ್ತೀನಿ. ಎರಡು ವರ್ಷದಿಂದ ನಿಮ್ಮ ಕಾಫೀಲಿ ಚಿಕೋರಿ ಜಾಸ್ತಿ."

ನನಗೆ ಮುಖಕ್ಕೆ ಹೊಡೆದ ಹಾಗಾಯ್ತು. ಪುಡಿ ರೇಟು ಏರಿದಾಗ ಚಿಕೋರಿ ಹೆಚ್ಚು ಮಾಡಿದ್ದೆ. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

"ಗೊತ್ತಿದ್ದೂ ದಿನಾ ಬತ್ತಿದ್ರಾ?" ಅಂತ ನನ್ನ ಹೆಂಡತಿ ಕೇಳಿದಳು.

"ಇನ್ನೆಲ್ಲಿಗೆ ಹೋಗಲಮ್ಮಾ," ಅಂದರು ಮೇಷ್ಟ್ರು.

ಅವರು ಹೋದಮೇಲೆ ನಾನು ಗೋಡೆ ಕಟ್ಟೋರಿಗೆ ಫೋನು ಮಾಡಿದೆ.

ಹದಿಮೂರು ಅಡಿಯಲ್ಲಿ ಮೂರು ಮೇಜು ಹಿಡಿದವು. ಬಾಗಿಲು ತೆಗೆದ ದಿನ ಚಿಕೋರಿ ಕಮ್ಮಿ ಇದ್ದ ಮೊದಲಿನ ಪುಡಿಯನ್ನೇ ತರಿಸಿದ್ದೆ. ಮೇಷ್ಟ್ರು ಬಂದರು, ಗೋಡೆ ಪಕ್ಕ ಜಾಗ ಮಾಡಿಕೊಂಡು ಕೂತರು. ನಿಧಾನಕ್ಕೆ ಪೂರ್ತಿ ಕುಡಿದರು. ಲೋಟ ಕವುಚಿಟ್ಟು ಎದ್ದರು. ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಇವತ್ತಿನ ಕಾಫಿ ಹೆಂಗಿತ್ತು?" ಅಂತ ಕೇಳಿಯೇಬಿಟ್ಟೆ.

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅದನ್ನ ನೀವು ಹೋದ ಮೇಲೆ ಹೇಳ್ತೀನಿ," ಅಂದರು.